ಗುಣವೋ, ವಾಸಿಯೋ?

ಕಾಯಿಲೆ ಹೋಯಿತು ಎನ್ನುವುದಕ್ಕೆ ನಮ್ಮಲ್ಲಿ ಎರಡು ಮಾತುಗಳಿವೆ. ಒಂದು ‘ಗುಣವಾಯಿತು’, ಇನ್ನೊಂದು ‘ವಾಸಿಯಾಯಿತು’. ದಿನಬಳಕೆಯಲ್ಲಿ ನಾವು ಇವೆರಡಕ್ಕೂ ಭೇದ ಎಣಿಸುವುದಿಲ್ಲ. ಜ್ವರ ಗುಣವಾಯಿತೆಂದರೂ ಅಷ್ಟೇ, ವಾಸಿಯಾಯಿತೆಂದರೂ ಅಷ್ಟೇ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಎರಡೂ ಬೇರೆಬೇರೆ ಮಾತುಗಳೇ. ಅಕ್ಕಿಯ ಗುಣ, ಮಣ್ಣಿನ ಗುಣ, ಸೊಸೆಯ ಗುಣ ಎನ್ನುತ್ತೇವಲ್ಲ, ಅಲ್ಲಿ ಗುಣವೆಂದರೆ ಸ್ವಭಾವ. ಹಾಗೆ ನೋಡಿದರೆ ಗುಣವಾಗುವುದೆಂದರೆ ದೇಹ ತನ್ನ ಸ್ವಭಾವಕ್ಕೆ ಮರಳುವುದು. ವಾಸಿ ಹಾಗಲ್ಲ. ‘ಹಳೇ ಬಾಡಿಗೆ ಮನೆಗಿಂತ ಇದು ವಾಸಿ’ ಎಂದವರು ಈ ಮನೆಯಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳಿದಂತಾಗಲಿಲ್ಲ. ಅದಕ್ಕಿಂತ ಮೇಲು ಎಂದಷ್ಟೇ ಹೇಳಿದರು.

ನಮ್ಮ ದೊಡ್ಡಕ್ಕ ಕೇಳಿದ ಒಂದು ಪ್ರಶ್ನೆಯಿಂದಾಗಿ ನಾನು ಈ ಎರಡು ಮಾತುಗಳ ಹಿಂದೆ ಬಿದ್ದೆ.

ದೊಡ್ಡಕ್ಕನಿಗೆ ಹೆಪಟೈಟಿಸ್ ಸಿ ಇತ್ತು. 2017ರಲ್ಲಿ, ದಸರಾ ಮುಗಿದ ವಾರದಲ್ಲಿ ಮಾತ್ರೆ ಶುರುವಾಯಿತು. ದಿನಕ್ಕೆ ಒಂದರಂತೆ 12 ವಾರ, ಒಟ್ಟು 84 ಮಾತ್ರೆ. ಮುಗಿದು ಮತ್ತೆ 12 ವಾರ ಕಾದು, ಯುಗಾದಿ ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಿದಾಗ ವೈರಸ್ ಪತ್ತೆಯಾಗಲಿಲ್ಲ ಎಂದು ವರದಿ ಬಂತು. ಭಾವ ಆಸ್ಪತ್ರೆಯ ಬಾಗಿಲಲ್ಲೇ ಮಕ್ಕಳಿಗೆಲ್ಲ ಫೋನು ಮಾಡಿದರು. ಡಾಕ್ಟರು ಮಾತ್ರ, “ವೈರಸ್ ಹೋಯಿತಮ್ಮ, ಸಂತೋಷ. ಆದರೆ ಆರು ತಿಂಗಳಿಗೊಂದು ಸಲ ಸ್ಕ್ಯಾನಿಂಗಿಗೆ ಬರ್ತಾ ಇರಬೇಕು” ಎಂದಿದ್ದರು. ಒಂಟಿಕೊಪ್ಪಲಿಗೆ ಆಟೋದಲ್ಲಿ ಬರುವಾಗ ಅವಳು ನನ್ನ ಕಡೆ ತಿರುಗಿ, “ಹೋಗಿದೆ ಅಂದ ಮೇಲೆ ಮತ್ತೆ ಯಾಕೆ ಬರಬೇಕೇ? ನಾನು ಮೊದಲಿನ ಹಾಗೆ ಆದೆನೋ, ಇಲ್ಲವೋ?” ಎಂದಳು.

ಇದು ಸುಲಭದ ಪ್ರಶ್ನೆಯಲ್ಲ. ಅದರ ಹಿಂದೆ ಒಂದು ಪುಟ್ಟ ಮಗುವಿತ್ತು. ಕಾಯಿಲೆಯ ಹೆಸರು ಗೊತ್ತಾದ ದಿನದಿಂದ ದೊಡ್ಡಕ್ಕ ತನ್ನ ತಟ್ಟೆ ಲೋಟಗಳನ್ನು ತಾನೇ ಬೇರೆ ಇಟ್ಟುಕೊಂಡಿದ್ದಳು. ಯಾರೂ ಹೇಳಿರಲಿಲ್ಲ, ಬೇಡವೆಂದೂ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಎರಡು ವರ್ಷದ ಮೊಮ್ಮಗಳಿಗೆ ಕೈತುತ್ತು ಹಾಕುವುದನ್ನು ನಿಲ್ಲಿಸಿದ್ದಳು. ಅನ್ನ ಕಲಸಿ ಕೈಮೇಲೆ ತುತ್ತಿಟ್ಟರೆ ಮಾತ್ರ ಉಣ್ಣುತ್ತಿದ್ದ ಹುಡುಗಿ ಅದು. ಅಜ್ಜಿ ಚಮಚ ಹಿಡಿದರೆ ಬಾಯಿ ಬಿಗಿದು ಕೂರುತ್ತಿತ್ತು. ಸೊಸೆ ಒಳ್ಳೆಯವಳೇ. ಆದರೆ ಚಿಕ್ಕ ಮಗುವಿನ ತಾಯಿಗೆ ಭಯವಾಗಬಾರದು ಎಂದು ಹೇಗೆ ಹೇಳುವುದು? ಜೊತೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಅಪ್ಪಿಕೊಂಡರೆ ಈ ಕಾಯಿಲೆ ಅಂಟುವುದಿಲ್ಲ. ಅದು ರಕ್ತದಿಂದ ರಕ್ತಕ್ಕೆ ಹೋಗುವಂಥದು. ಇದನ್ನು ಡಾಕ್ಟರು ಒಂದಲ್ಲ, ಮೂರು ಸಲ ಹೇಳಿದ್ದರು. ತಲೆ ಒಪ್ಪಿತ್ತು, ಕೈ ಒಪ್ಪಿರಲಿಲ್ಲ.

ಅವಳಿಗೆ ಅದು ಬಂದದ್ದಾದರೂ ಎಲ್ಲಿಂದ? ಡಾಕ್ಟರು ಹಿಂದಿನದನ್ನೆಲ್ಲ ಕೆದಕಿ ಕೇಳಿದಾಗ 1986ಕ್ಕೆ ಹೋಗಿ ನಿಂತಿತು. ಎರಡನೆಯ ಹೆರಿಗೆ, ರಕ್ತ ನಿಲ್ಲಲಿಲ್ಲ, ಎರಡು ಬಾಟಲಿ ರಕ್ತ ಕೊಟ್ಟು ಉಳಿಸಿದರು. ಆ ರಕ್ತ ಸಿಗದಿದ್ದರೆ ಅವಳೂ ಇಲ್ಲ, ನಾನು ಬರೆಯುತ್ತಿರುವ ಈ ಮಾತೂ ಇಲ್ಲ. ಅದರಲ್ಲೇ ಬಂದಿರಬೇಕು ಎಂಬುದು ಡಾಕ್ಟರ ಊಹೆ. ಯಾರನ್ನು ಬೈಯೋಣ? ಆಗ ಈ ವೈರಸ್ಸಿಗೆ ಹೆಸರೇ ಇರಲಿಲ್ಲ. ಕಾಮಾಲೆಯಲ್ಲಿ ‘ಎ’ ಗೊತ್ತಿತ್ತು, ‘ಬಿ’ ಗೊತ್ತಿತ್ತು. ಎರಡೂ ಅಲ್ಲದ ಇನ್ನೊಂದು ರಕ್ತದ ಮೂಲಕ ಬರುತ್ತಿದೆ ಎಂದು ಅಮೆರಿಕದಲ್ಲಿ ಹಾರ್ವಿ ಆಲ್ಟರ್ ಎಪ್ಪತ್ತರ ದಶಕದಲ್ಲಿ ತೋರಿಸಿದ್ದರು, ಅಷ್ಟೇ. ಮೈಕೇಲ್ ಹೌಟನ್ ಮತ್ತು ಸಂಗಡಿಗರು ಅದನ್ನು ಗುರುತಿಸಿದ್ದು 1989ರಲ್ಲಿ. ಅವರಿಬ್ಬರಿಗೂ ಚಾರ್ಲ್ಸ್ ರೈಸ್ ಅವರಿಗೂ 2020ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆಲ್ಲ ಈ ಪರೀಕ್ಷೆ ಕಡ್ಡಾಯವಾದದ್ದು ಈ ಶತಮಾನದ ಆರಂಭದಲ್ಲಿ. ಹಣಕ್ಕೆ ರಕ್ತ ಮಾರುವುದು ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತದ್ದೂ 1998ರ ಜನವರಿಯಿಂದ.

ಹಾಗೆ ಒಳಗೆ ಬಂದದ್ದು 31 ವರ್ಷ ಸದ್ದಿಲ್ಲದೆ ಕೂತಿತ್ತು. ಈ ಕಾಯಿಲೆಯ ರೀತಿಯೇ ಅದು. ಕಣ್ಣು ಹಳದಿಯಾಗುವುದಿಲ್ಲ, ನೋವಿಲ್ಲ. ಸುಸ್ತು ಎಂದರೆ ನಮ್ಮಲ್ಲಿ ಯಾವ ಹೆಂಗಸಿಗೆ ಸುಸ್ತಿಲ್ಲ ಹೇಳಿ? ಭಾವನಿಗೆ ವರ್ಷಕ್ಕೊಂದು ಸಲ ಆಫೀಸಿನಿಂದ ಪೂರ್ತಿ ತಪಾಸಣೆ ಆಗುತ್ತಿತ್ತು. ದೊಡ್ಡಕ್ಕ ಕೈಯಲ್ಲಿ ಫ್ಲಾಸ್ಕು ಹಿಡಿದು ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ಕೊನೆಗೆ ಕಾಲು ಬಾತು, ರಕ್ತದಲ್ಲಿ ಪ್ಲೇಟ್‌ಲೆಟ್ಟು ಕಡಿಮೆಯಾಗಿ, ಯಾಕಿರಬಹುದು ಎಂದು ಹುಡುಕುವ ಹೊತ್ತಿಗೆ ಲಿವರು ಅಲ್ಲಲ್ಲಿ ಗಂಟುಗಟ್ಟಿತ್ತು. ಸಿರೋಸಿಸ್ ಎಂದರು. ಆ ಹೆಸರು ಕೇಳಿದ ಕೂಡಲೇ ನೆಂಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮಕ್ಕ… ಏನಾದ್ರೂ ತಗೋತಿದ್ರಾ?” ಎಂದು ಕೇಳಿದರು. ಕಾಫಿಗೆ ಸಕ್ಕರೆ ಹೆಚ್ಚು ತಗೋತಾಳೆ ಎಂದೆ.

ಔಷಧದ ಕತೆಯೂ ಒಂದು ಧರ್ಮಸೂಕ್ಷ್ಮದ ಕತೆಯೇ. ಮೊದಲು ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು, ಜೊತೆಗೆ ರಿಬಾವಿರಿನ್ ಮಾತ್ರೆ. ಒಂದು ವರ್ಷದ ತನಕ ಜ್ವರ, ಖಿನ್ನತೆ, ಕೂದಲು ಉದುರುವುದು, ಎಲ್ಲ ಸಹಿಸಿದರೂ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮಾತ್ರ ಫಲ. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್ ಬಂತು. ಒಂದು ಮಾತ್ರೆಗೆ 1,000 ಡಾಲರು. 84 ದಿನಕ್ಕೆ 84,000 ಡಾಲರು. ಮರುವರ್ಷ ಆ ಕಂಪನಿ ನಮ್ಮ ದೇಶದ ಏಳು ಕಂಪನಿಗಳಿಗೆ ತಯಾರಿಸಲು ಪರವಾನಗಿ ಕೊಟ್ಟಿತು. ಅದರಲ್ಲಿ ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಇತ್ತು. 2015ರಲ್ಲಿ ಇಲ್ಲಿ 28 ಮಾತ್ರೆಯ ಡಬ್ಬಿ ಸುಮಾರು 20,000 ರೂಪಾಯಿಗೆ ಸಿಕ್ಕಿತು, ಆಮೇಲೆ ಇನ್ನೂ ಇಳಿಯಿತು. ದೊಡ್ಡಕ್ಕನ ಹೊತ್ತಿಗೆ ಸೋಫೋಸ್ಬುವಿರ್, ವೆಲ್ಪಾಟಾಸ್ವಿರ್ ಎರಡೂ ಒಂದೇ ಮಾತ್ರೆಯಲ್ಲಿದ್ದವು. ಅವಳ ಒಂದು ಜೊತೆ ಬಳೆಯಲ್ಲಿ ಕೆಲಸ ಮುಗಿಯಿತು. ಅವಳಿಗೆ ಗುಣವಾದ ನಾಲ್ಕು ತಿಂಗಳಿಗೆ, 2018ರ ಜುಲೈ 28ರಂದು, ಕೇಂದ್ರ ಸರ್ಕಾರವೇ ಈ ಔಷಧವನ್ನು ಪುಕ್ಕಟೆ ಕೊಡುವ ಕಾರ್ಯಕ್ರಮ ಶುರುಮಾಡಿತು. “ಬಳೆ ಹೋದರೆ ಹೋಯಿತು, ಇನ್ನು ಯಾರೂ ಮಾರಬೇಕಾಗಿಲ್ಲವಲ್ಲ” ಎಂದಳು. ಬಳೆ ಅಮ್ಮ ಮಾಡಿಸಿಕೊಟ್ಟಿದ್ದು. ನನಗೆ ಅಷ್ಟು ಉದಾರವಾಗಿ ಹೇಳಲು ಬರುತ್ತಿರಲಿಲ್ಲ.

ಅದಿರಲಿ. ಮೊದಲಿನ ಹಾಗೆ ಆದೆನಾ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದಾಗ ನಾನು ಎಣಿಸದ ಒಂದು ಕಡೆಗೆ ದಾರಿ ಹೋಯಿತು. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಕಡೆಗೆ.

ನಮ್ಮೊಳಗೆ ಇರುವ ಬ್ಯಾಕ್ಟೀರಿಯಾಗಳು ಎಷ್ಟು ಗೊತ್ತೆ? 2016ರ ಒಂದು ಲೆಕ್ಕದಂತೆ ಒಬ್ಬ ಮನುಷ್ಯನ ದೇಹದಲ್ಲಿ ಅವನ ಸ್ವಂತದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ತೂಕ ಹಾಕಿದರೆ ಎಲ್ಲ ಸೇರಿ ಒಂದು ಪಾವು ಮೊಸರಿನಷ್ಟೂ ಇಲ್ಲ, ಸುಮಾರು 200 ಗ್ರಾಂ. ಅವುಗಳಲ್ಲಿ ಬಹುಪಾಲು ವಾಸಮಾಡುವುದು ದೊಡ್ಡ ಕರುಳಿನಲ್ಲಿ. ನಮಗೆ ಅರಗದ ನಾರನ್ನು ಅವು ಅರಗಿಸುತ್ತವೆ, ಕರುಳಿನ ಒಳಗೋಡೆಗೆ ಬೇಕಾದ ಆಮ್ಲಗಳನ್ನು ತಯಾರಿಸಿಕೊಡುತ್ತವೆ, ಒಂದನ್ನೊಂದು ಹದ್ದಿನಲ್ಲಿಡುತ್ತವೆ.

ಮೈಸೂರಿನ ಹೆಂಗಸರಿಗೆ ಇದನ್ನು ಹೇಳುವುದೇ ಹೆಚ್ಚು. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ನಮ್ಮ ಸಿ.ಎಫ್.ಟಿ.ಆರ್.ಐ.ನಲ್ಲಿ ಹುದುಗುವ ಆಹಾರದ ಮೇಲೆ ಸಂಶೋಧನೆ ನಡೆಸುವವರೂ ಇದ್ದಾರೆ. ಅದರ ಬೇಲಿಯಾಚೆಯ ಅಡುಗೆಮನೆಗಳಲ್ಲಿ ನಾವೂ ಇಷ್ಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇವೆ. ಇಡ್ಲಿ ಹಿಟ್ಟು ರಾತ್ರಿ ಉಬ್ಬುವುದು ಯಾರ ಕೈಗುಣದಿಂದಲೂ ಅಲ್ಲ, ಉದ್ದು ಅಕ್ಕಿಗಳಲ್ಲೇ ಅಂಟಿಕೊಂಡು ಬರುವ ಬ್ಯಾಕ್ಟೀರಿಯಾಗಳಿಂದ. ಚಳಿಗಾಲದಲ್ಲಿ ಅವು ಮುನಿಸಿಕೊಳ್ಳುತ್ತವೆಂದು ಪಾತ್ರೆಗೆ ಕಂಬಳಿ ಸುತ್ತುತ್ತೇವೆ. ಹೆಪ್ಪು ಕೆಟ್ಟರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವೆ. ಕೆಟ್ಟ ಮೊಸರನ್ನು ಚೆಲ್ಲಿ ಪಾತ್ರೆ ತೊಳೆದ ಮಾತ್ರಕ್ಕೆ ಒಳ್ಳೆಯ ಮೊಸರು ಬರುವುದಿಲ್ಲ ಎಂಬುದು ನಮಗೆ ಯಾವ ಪುಸ್ತಕ ಓದದೆಯೂ ಗೊತ್ತು. ಹಾಲು ಬೇಕು, ಹದವಾದ ಬಿಸಿ ಬೇಕು, ಹೆಪ್ಪು ಬೇಕು, ರಾತ್ರಿಯಿಡೀ ಯಾರೂ ಅಲ್ಲಾಡಿಸಬಾರದು.

ಕರುಳಿಗೂ ಲಿವರಿಗೂ ಇರುವ ನಂಟು ಬೀಗರ ನಂಟಿನಂಥದು. ಒಂದು ಮನೆಯಲ್ಲಿ ಸೀನಿದರೆ ಇನ್ನೊಂದರಲ್ಲಿ ಕೇಳಿಸುತ್ತದೆ. ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ. ಒಂದು ದೊಡ್ಡ ಅಭಿಧಮನಿಯಲ್ಲಿ ಕೂಡಿಕೊಂಡು ಮೊದಲು ಲಿವರಿಗೆ ಬರುತ್ತದೆ. ಲಿವರಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೆ ಬಂದದ್ದು. ಬಂದದ್ದನ್ನು ಲಿವರು ಸೋಸುತ್ತದೆ. ಬದಲಿಗೆ ಪಿತ್ತರಸವನ್ನು ಕರುಳಿಗೆ ಕಳಿಸುತ್ತದೆ. ಯಾವ ಬ್ಯಾಕ್ಟೀರಿಯಾ ಬೆಳೆಯಬೇಕು, ಯಾವುದು ಬೆಳೆಯಬಾರದು ಎನ್ನುವುದರಲ್ಲಿ ಆ ಪಿತ್ತರಸಕ್ಕೂ ಮಾತಿದೆ. ಲಿವರು ಕುಗ್ಗಿದರೆ ಪಿತ್ತ ಏರುಪೇರಾಗುತ್ತದೆ, ಕರುಳಿನ ಒಕ್ಕಲು ಬದಲಾಗುತ್ತದೆ. ಬಗೆಬಗೆಯ ಬ್ಯಾಕ್ಟೀರಿಯಾಗಳು ಇದ್ದ ಕಡೆ ಕೆಲವೇ ಬಗೆಗಳು ತುಂಬಿಕೊಳ್ಳುತ್ತವೆ. ಅವುಗಳ ಕಸ ಕರುಳಿನ ಗೋಡೆ ದಾಟಿ ಮತ್ತೆ ಲಿವರಿಗೇ ಬಂದು ಅದನ್ನು ಇನ್ನಷ್ಟು ಕೆರಳಿಸುತ್ತದೆ. ಸಿರೋಸಿಸ್ ಬಲಿತವರಿಗೆ ಬುದ್ಧಿ ಮಂಕಾದಾಗ ಡಾಕ್ಟರು ಲ್ಯಾಕ್ಟುಲೋಸ್ ಎಂಬ ಸಿಹಿ ಪಾನಕದಂಥ ಔಷಧ ಕೊಡುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಕೆಲಸ ಮಾಡುವುದೂ ಕರುಳಿನ ಬ್ಯಾಕ್ಟೀರಿಯಾಗಳ ಮೂಲಕವೇ.

ಹೆಪಟೈಟಿಸ್ ಸಿ ಇರುವವರ ಕರುಳಿನಲ್ಲಿ ಈ ವೈವಿಧ್ಯ ಕಡಿಮೆಯಾಗಿರುತ್ತದೆ ಎಂದು ಜಪಾನ್, ಈಜಿಪ್ಟ್ ಮುಂತಾದ ಕಡೆಯ ವೈದ್ಯರು ಕಂಡಿದ್ದಾರೆ. ಲಿವರಿನ ಪರೀಕ್ಷೆಗಳು ಸರಿಯಾಗಿಯೇ ಇರುವವರಲ್ಲೂ ಈ ಬದಲಾವಣೆ ಶುರುವಾಗಿರುತ್ತದಂತೆ. ಹಾಗಾದರೆ ಮಾತ್ರೆ ನುಂಗಿ ವೈರಸ್ ಹೋದ ಮೇಲೆ? ಇಲ್ಲೊಂದು ಸಂಗತಿ ಗಮನಿಸಬೇಕು. ಈ ಮಾತ್ರೆಗಳು ನಾವು ಕೆಮ್ಮಿಗೆ ನೆಗಡಿಗೆ ಸುಮ್ಮಸುಮ್ಮನೆ ನುಂಗುವ ಆಂಟಿಬಯಾಟಿಕ್ಕುಗಳಂತಲ್ಲ. ಆಂಟಿಬಯಾಟಿಕ್ಕು ಕಳೆ ಕೀಳಲು ಹೋಗಿ ಸಸಿಯನ್ನೂ ಕೀಳುತ್ತದೆ. ಇವು ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳುವ ಕೆಲಸವನ್ನು ಮಾತ್ರ ತಡೆಯುತ್ತವೆ. ನೂರರಲ್ಲಿ 95ಕ್ಕಿಂತ ಹೆಚ್ಚು ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ಆಮೇಲೆ ಕರುಳಿನಲ್ಲಿ ಏನಾದರೂ ಸುಧಾರಿಸಿದರೆ ಅದು ಮುಖ್ಯವಾಗಿ ಲಿವರು ಚೇತರಿಸಿಕೊಂಡದ್ದರಿಂದ.

ಸುಧಾರಿಸುತ್ತದೆಯೆ? ಸುಧಾರಿಸುತ್ತದೆ, ಆದರೆ ಎಲ್ಲರಿಗೂ ಒಂದೇ ಸಮನಾಗಿ ಅಲ್ಲ. ಕಾಯಿಲೆ ಬೇಗ ಗೊತ್ತಾಗಿ, ಲಿವರು ಇನ್ನೂ ಗಂಟುಗಟ್ಟದಿದ್ದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಆರೋಗ್ಯವಂತರ ಹತ್ತಿರಕ್ಕೆ ಮರಳುವುದನ್ನು ಜರ್ಮನಿಯವರೂ ಸ್ಪೇನಿನವರೂ ನೋಡಿದ್ದಾರೆ. ಸಿರೋಸಿಸ್ ಆದವರ ವಿಷಯ ಬೇರೆ. ಜರ್ಮನಿಯಲ್ಲಿ ಅಂಥವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇಟಲಿಯವರ 2018ರ ವರದಿಯಲ್ಲಿ ಬ್ಯಾಕ್ಟೀರಿಯಾಗಳೇನೋ ಸುಧಾರಿಸಿದ್ದವು, ಕರುಳಿನ ಗೋಡೆ ಸೋರುವುದು ನಿಂತಿರಲಿಲ್ಲ. ಅಮೆರಿಕದವರು ಹಳೆಯ ಔಷಧದಿಂದ ವೈರಸ್ ಕಳೆದುಕೊಂಡ ಸಿರೋಸಿಸ್ ರೋಗಿಗಳನ್ನು ಪರೀಕ್ಷಿಸಿದಾಗ, ವೈರಸ್ ಇದ್ದವರ ಕರುಳಿಗೂ ಹೋದವರ ಕರುಳಿಗೂ ಹೆಚ್ಚು ವ್ಯತ್ಯಾಸ ಸಿಗಲಿಲ್ಲ. ಶತ್ರು ಊರು ಬಿಟ್ಟು ಹೋಗಿದ್ದಾನೆ. ಊರಿನವರು ಇನ್ನೂ ಊರಿಗೆ ಬಂದಿಲ್ಲ.

ಇದನ್ನು ಓದಿದ ದಿನ ನನಗೆ ಬೇಸರವಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಸಂಶಯ ಹುಟ್ಟಿತು. ‘ಮೊದಲಿನ ಹಾಗೆ’ ಎಂದರೆ ಯಾವಾಗಿನ ಹಾಗೆ? 1986ರ ಹೆರಿಗೆಯ ಹಿಂದಿನ ದಿನದ ದೊಡ್ಡಕ್ಕನಿಗೆ 26 ವರ್ಷ. ವೈರಸ್ ಬಾರದಿದ್ದರೂ ಆ ದೊಡ್ಡಕ್ಕ ಇವತ್ತು ಸಿಗುತ್ತಿರಲಿಲ್ಲ. ಗುಣವಾಗುವುದೆಂದರೆ ತನ್ನ ಸ್ವಭಾವಕ್ಕೆ ಮರಳುವುದು ಎಂದೆನಲ್ಲ, ಆ ‘ತನ್ನ’ ಎಂಬುದರ ಗೆರೆ ಎಲ್ಲಿದೆ? ಲೆಕ್ಕದಲ್ಲಿ ನಮಗಿಂತ ಹೆಚ್ಚಿರುವ ಆ ಬ್ಯಾಕ್ಟೀರಿಯಾಗಳು ನಾವೋ, ಬೇರೆಯವರೋ? ಬೇರೆಯವರಾದರೆ, ಅವರು ಚದುರಿ ಹೋದಾಗ ನಮಗೆ ಯಾಕೆ ಕಾಯಿಲೆ? ನಾವೇ ಆದರೆ, ಮಡಿ ಎಂದು ಬಟ್ಟೆ ಬೇರೆ ಒಣಗಿಸಿ ಯಾರನ್ನೂ ಮುಟ್ಟದೆ ದೇವರಮನೆಗೆ ಹೋಗುವಾಗ ಜೊತೆಗೆ ಎಷ್ಟು ಲಕ್ಷ ಕೋಟಿ ಜನರನ್ನು ಕರೆದುಕೊಂಡು ಹೋಗುತ್ತಿದ್ದೇವೆ! ಪೂಜೆ ಮಾಡುವವರನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ನಾನೂ ದೀಪ ಹಚ್ಚುವವಳೇ. ಆದರೆ ಒಬ್ಬಳೇ ಇದ್ದೇನೆ ಎನ್ನುವುದು ಮನುಷ್ಯರಿಗೆ ಸಾಧ್ಯವಾಗದ ಮಾತು ಎನ್ನಿಸುತ್ತದೆ.

ತಾಯಿಹಾಲಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಐವತ್ತರ ದಶಕದಲ್ಲಿ ಕಂಡುಹಿಡಿದದ್ದು ನಮ್ಮ ಸಿ.ಎಫ್.ಟಿ.ಆರ್.ಐ. ಅದರಿಂದ ಎಷ್ಟೋ ಮಕ್ಕಳು ಬದುಕಿದವು. ಆದರೂ ತಾಯಿಹಾಲಿನಲ್ಲಿ ಒಂದು ಬಗೆಯ ಸಕ್ಕರೆಗಳಿವೆ, ಅವನ್ನು ಮಗು ಅರಗಿಸಿಕೊಳ್ಳಲಾರದು. ಹಾಗಾದರೆ ಯಾಕಿವೆ? ಮಗುವಿನ ಕರುಳಿನಲ್ಲಿ ಆಗಷ್ಟೇ ಬಿಡಾರ ಹೂಡಿರುವ ಬ್ಯಾಕ್ಟೀರಿಯಾಗಳಿಗಾಗಿ. ಮಗುವಿಗೆ ಉಣಿಸುವಾಗ ತಾಯಿ ಅದರ ಪರಿವಾರಕ್ಕೂ ಎಲೆ ಹಾಕಿರುತ್ತಾಳೆ. ಒಂದೇ ಮನೆಯಲ್ಲಿ ಬಾಳುವವರ ಸೂಕ್ಷ್ಮಜೀವಿಗಳು ಬೇರೆ ಮನೆಯವರದಕ್ಕಿಂತ ಒಂದಕ್ಕೊಂದು ಹೆಚ್ಚು ಹೋಲುತ್ತವೆ ಎಂದೂ ಕಂಡುಕೊಂಡಿದ್ದಾರೆ. ಮುಟ್ಟುವುದು, ಮುದ್ದಿಡುವುದು, ಎತ್ತಿಕೊಳ್ಳುವುದು, ಎಲ್ಲದರಲ್ಲೂ ಕೊಡುಕೊಳ್ಳುವಿಕೆ ನಡೆದೇ ಇರುತ್ತದೆ. ದೊಡ್ಡಕ್ಕ ತನ್ನ ಕೈ ಹಿಂದೆಗೆದುಕೊಂಡಾಗ ಮಗುವನ್ನು ಒಂದು ಕೇಡಿನಿಂದ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳು. ಆ ಕೇಡು ಕೈಯಲ್ಲಿ ಇರಲೇ ಇಲ್ಲ.

ಈಗ ಅಂಗಡಿಗಳಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಸರಿಮಾಡುತ್ತೇವೆಂದು ಚಿಕ್ಕಚಿಕ್ಕ ಬಾಟಲಿಗಳು ಬಂದಿವೆ. ಮೊಸರು ತಿಂದರೆ ಲಿವರು ಸರಿಹೋಗುತ್ತದೆ ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಕಾಮಾಲೆಗೆ ಎಂದು ಕೊಡುವ ನಾಟಿ ಔಷಧಗಳಿಂದ ಇದ್ದ ಲಿವರನ್ನೂ ಕೆಡಿಸಿಕೊಂಡವರಿದ್ದಾರೆ. ನನ್ನನ್ನು ಕಾಡುವುದು ಬೇರೆ ಸಂಗತಿ. ಬೇಗ ಬಂದವರಿಗೆ ಗುಣ, ತಡವಾಗಿ ಬಂದವರಿಗೆ ವಾಸಿ. ಮಾತ್ರೆ ಒಂದೇ, ಬೆಲೆ ಒಂದೇ, ವರದಿಯಲ್ಲಿ ಬರೆಯುವ ಸಾಲೂ ಒಂದೇ. ಆದರೆ ಬೆಂಚಿನ ಮೇಲೆ ಫ್ಲಾಸ್ಕು ಹಿಡಿದು ಕೂತವಳಿಗೆ ಸಿಗುವುದು ಎರಡನೆಯದು. ಅದೇ ಆಸ್ಪತ್ರೆಯಲ್ಲಿ, ಅದೇ ದಿನ, ಅವಳ ತೋಳಿನಿಂದಲೂ ಒಂದು ಚೂರು ರಕ್ತ ತೆಗೆಯಲು ಎಷ್ಟು ಹೊತ್ತು ಬೇಕಿತ್ತು? 2002ಕ್ಕೆ ಮೊದಲು ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಒಂದು ಸಲ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹೆರಿಗೆಯಲ್ಲಿ ರಕ್ತ ಹಾಕಿಸಿಕೊಂಡದ್ದನ್ನು ನೀವು ಮರೆತಿದ್ದರೂ ನಿಮ್ಮ ತಾಯಿಗೋ ಅಕ್ಕನಿಗೋ ನೆನಪಿರುತ್ತದೆ, ಕೇಳಿ ನೋಡಿ.

ದೊಡ್ಡಕ್ಕನಿಗೆ ನಾನು ಓದಿದ್ದನ್ನೆಲ್ಲ ಹೇಳಿದೆ, ಮುಚ್ಚಿಡಲಿಲ್ಲ. ಲಿವರು ಗಂಟುಗಟ್ಟಿದ ಮೇಲೆ ವೈರಸ್ ಹೋದರೂ ಕ್ಯಾನ್ಸರಿನ ಭಯ ಪೂರ್ತಿ ಹೋಗುವುದಿಲ್ಲ, ಆರು ತಿಂಗಳ ಸ್ಕ್ಯಾನಿಂಗು ಅದಕ್ಕೆ ಎಂದೂ ಹೇಳಿದೆ. ಅವಳು ಕೇಳಿದ್ದು ಒಂದೇ. “ಮಗೂಗೆ ತುತ್ತು ಹಾಕಬಹುದು ತಾನೆ?”

“ಆಗಲೂ ಹಾಕಬಹುದಾಗಿತ್ತು ಕಣೇ.”

“ಅದು ಬಿಡು. ಈಗ?”

“ಈಗಲೂ.”

ಆ ರಾತ್ರಿಯೇ ತಟ್ಟೆ ಎಲ್ಲರ ತಟ್ಟೆಗಳ ಜೊತೆ ಸೇರಿತು. ಲೋಟ ಸೇರಲು ಇನ್ನೂ ಕೆಲವು ವಾರ ಹಿಡಿಯಿತು. ಯಾಕೆಂದು ನಾನು ಕೇಳಲಿಲ್ಲ.

ಮೂರು ವರ್ಷದ ಮೇಲೆ ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಬೇಕಾಯಿತು. ಹಿಂದಿನ ದಿನ ರಕ್ತ ಪರೀಕ್ಷಿಸಿದ ಚೀಟಿಯಲ್ಲಿ ಹೆಪಟೈಟಿಸ್ ಸಿ ಎಂಬುದರ ಮುಂದೆ ‘ರಿಯಾಕ್ಟಿವ್’ ಎಂದು ಕೆಂಪಕ್ಷರದಲ್ಲಿ ಬಂತು. ಅದು ವೈರಸ್ಸಿನ ಪರೀಕ್ಷೆಯಲ್ಲ, ವೈರಸ್ಸಿನ ವಿರುದ್ಧ ದೇಹ ಹಿಂದೆ ತಯಾರಿಸಿದ ಪ್ರತಿಕಾಯಗಳ ಪರೀಕ್ಷೆ. ವೈರಸ್ ಹೋದರೂ ಆ ಪ್ರತಿಕಾಯಗಳು ವರ್ಷಗಟ್ಟಲೆ, ಕೆಲವರಲ್ಲಿ ಕೊನೆಯವರೆಗೂ ಉಳಿಯುತ್ತವೆ. ದೇಹಕ್ಕೆ ಜ್ಞಾಪಕಶಕ್ತಿ ಬಹಳ. ನಾವು ಹಳೆಯ ವರದಿ ತೋರಿಸಿದೆವು, ಅಲ್ಲಿಯ ಹುಡುಗಿ ತಲೆಯಾಡಿಸಿದಳು, ಆದರೂ ಆ ದಿನದ ಪಟ್ಟಿಯಲ್ಲಿ ದೊಡ್ಡಕ್ಕನ ಹೆಸರನ್ನು ಎಲ್ಲರಿಗಿಂತ ಕೊನೆಗೆ ಹಾಕಿದರು. ಮಧ್ಯಾಹ್ನ ಮೂರರವರೆಗೆ ಬರೀ ಹೊಟ್ಟೆಯಲ್ಲಿ ಕೂತಿದ್ದಳು. ಈ ಸಲ ಫ್ಲಾಸ್ಕು ಹಿಡಿದು ಬೆಂಚಿನ ಮೇಲೆ ಕೂತದ್ದು ಭಾವ.

ಕಾಯುತ್ತಾ ಕೂತಿದ್ದಾಗ ಅವಳು ಆ ಚೀಟಿಯನ್ನು ಮಡಿಚಿ ಬ್ಯಾಗಿಗೆ ಹಾಕುತ್ತಾ, “ಅಲ್ವೇ, ಆಗ ಆ ರಕ್ತ ಕೊಟ್ಟವರು ಯಾರೋ ಏನೋ. ಅವರಿಗೂ ಗೊತ್ತಿರಲಿಲ್ಲ ಪಾಪ. ಆಮೇಲಾದರೂ ಯಾರಾದರೂ ಅವರನ್ನ ಪರೀಕ್ಷೆ ಮಾಡಿಸಿದರೋ ಇಲ್ಲವೋ” ಎಂದಳು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು.